ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳ ಶುಶ್ರೂಷಾ ಸೇವೆ: ಮುಂದಾಳತ್ವ, ನಿರ್ವಹಣೆ ಮತ್ತು ವೃತ್ತಿನೀತಿ

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

ಪೀಠಿಕೆ

ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದವರು ವೈದ್ಯರನ್ನು ದಿನಕ್ಕೆ ಒಂದೆರಡು ಬಾರಿ ಕಾಣುತ್ತಾರೆ. ಶುಶ್ರೂಷಾ ಸಿಬ್ಬಂದಿಯನ್ನು ಹಗಲು ರಾತ್ರಿ ಕಾಣುತ್ತಾರೆ. ವೇಳೆಗೆ ಸರಿಯಾಗಿ ಔಷಧ ಕೊಡುವವರು, ರಕ್ತದೊತ್ತಡ ನೋಡುವವರು, ಹೆರಿಗೆ ಕೊಠಡಿಯಲ್ಲಿ ಕೊನೆಯವರೆಗೆ ನಿಲ್ಲುವವರು, ಮಗು ಹುಟ್ಟಿದ ಗಳಿಗೆಯನ್ನು ವಹಿಯಲ್ಲಿ ನಮೂದಿಸುವವರು ಅವರೇ. ಮುಂದೆ ನಾಗರಿಕರು ಜನನ ಪ್ರಮಾಣಪತ್ರಕ್ಕಾಗಲಿ, ಹೆರಿಗೆ ಸಹಾಯಧನಕ್ಕಾಗಲಿ, ಗಾಯದ ಪ್ರಮಾಣಪತ್ರಕ್ಕಾಗಲಿ, ಚಿಕಿತ್ಸಾ ದಾಖಲೆಯ ಪ್ರತಿಗಾಗಲಿ ಅರ್ಜಿ ಸಲ್ಲಿಸಿದಾಗ ಬಹುಮಟ್ಟಿಗೆ ಆಧಾರವಾಗುವುದು ಸದರಿ ಸಿಬ್ಬಂದಿ ಆ ದಿನ ಬರೆದಿಟ್ಟ ಸಾಲುಗಳು. ಆದುದರಿಂದ ಶುಶ್ರೂಷಾ ಸೇವೆಯು ಹೇಗೆ ನಡೆಯುತ್ತದೆ, ಅದರಲ್ಲಿ ಯಾರ ಹೊಣೆ ಎಷ್ಟು, ಯಾವುದನ್ನು ಹಕ್ಕಿನಿಂದ ಕೇಳಬಹುದು ಎಂಬುದನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯಕ.

ಆಳಂದ, ಅಫಜಲಪುರ ಮತ್ತು ಜೇವರ್ಗಿ ಈ ಮೂರೂ ತಾಲ್ಲೂಕುಗಳನ್ನು ಪ್ರಾದೇಶಿಕ ಅಸಮತೋಲನ ನಿವಾರಣೆ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತ್ತು. ಜೇವರ್ಗಿಯಿಂದ ಮುಂದೆ ಯಡ್ರಾಮಿ ಪ್ರತ್ಯೇಕ ತಾಲ್ಲೂಕಾಯಿತು. ಕಲಬುರಗಿ ನಗರದಲ್ಲಿ ವೈದ್ಯಕೀಯ ಕಾಲೇಜುಗಳೂ ಅವುಗಳಿಗೆ ಸೇರಿದ ದೊಡ್ಡ ಆಸ್ಪತ್ರೆಗಳೂ ಇವೆ. ಆದರೆ ಆಳಂದ ಮತ್ತು ಜೇವರ್ಗಿ ಪಟ್ಟಣಗಳು ಅಲ್ಲಿಂದ ಸುಮಾರು 40 ಕಿ.ಮೀ. ದೂರದಲ್ಲಿವೆ, ಅಫಜಲಪುರ ಇನ್ನೂ ದೂರ, ಗಡಿಯಂಚಿನ ಹಳ್ಳಿಗಳು ಮತ್ತಷ್ಟು ದೂರ. ಜೇವರ್ಗಿಯಿಂದ ಕಲಬುರಗಿಗೆ ಹೋಗುವ ರಸ್ತೆಯು ಕಟ್ಟಿಸಂಗಾವಿಯ ಬಳಿ ಭೀಮಾ ನದಿಯನ್ನು ದಾಟುತ್ತದೆ. 2020ರ ಅಕ್ಟೋಬರ್ ತಿಂಗಳಿನಲ್ಲಿ ಭೀಮಾ ನದಿಗೆ ಪ್ರವಾಹ ಬಂದಾಗ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ದಂಡೆಯ ಗ್ರಾಮಗಳು ಜಲಾವೃತವಾಗಿದ್ದವು. ಇಂತಹ ಭಾಗದಲ್ಲಿ ರಾತ್ರಿ ಪಾಳಿಯಲ್ಲಿರುವ ಒಬ್ಬ ಶುಶ್ರೂಷಾಧಿಕಾರಿ ಸಕಾಲದಲ್ಲಿ ಕೈಗೊಳ್ಳುವ ತೀರ್ಮಾನವು ಒಂದು ಜೀವದ ಅಳಿವು ಉಳಿವಿನ ಪ್ರಶ್ನೆಯಾಗಬಲ್ಲದು.

ಶುಶ್ರೂಷಾ ಸಿಬ್ಬಂದಿಯ ಹಂತಗಳು

ಸಾರ್ವಜನಿಕರು ಎಲ್ಲರನ್ನೂ 'ಸಿಸ್ಟರ್' ಎಂದೇ ಕರೆಯುವುದು ರೂಢಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ದೂರು ಅಥವಾ ಮನವಿ ಇದ್ದಾಗ ಯಾರನ್ನು ಕೇಳಬೇಕೆಂದು ತಿಳಿಯದೆ ಆಯಾದಿಂದ ಔಷಧ ವಿತರಕರವರೆಗೆ ಅಲೆಯುವ ಸಂದರ್ಭ ಒದಗುತ್ತದೆ.

ಹಿಂದೆ ಸ್ಟಾಫ್ ನರ್ಸ್ ಎಂದು ಕರೆಯಲಾಗುತ್ತಿದ್ದ ಹುದ್ದೆಗೆ ಈಗ ಶುಶ್ರೂಷಾಧಿಕಾರಿ ಎಂಬ ಪದನಾಮವಿದೆ. ಇವರ ಮೇಲೆ ಹಿರಿಯ ಶುಶ್ರೂಷಾಧಿಕಾರಿಗಳು, ಅವರ ಮೇಲೆ ಶುಶ್ರೂಷಾ ಅಧೀಕ್ಷಕರು ಇರುತ್ತಾರೆ. ಆಸ್ಪತ್ರೆಯ ಒಟ್ಟು ಆಡಳಿತದ ಹೊಣೆ ಆಡಳಿತ ವೈದ್ಯಾಧಿಕಾರಿಗಳದ್ದು. ಹಳ್ಳಿಯ ಉಪಕೇಂದ್ರದಲ್ಲಿ ಸೇವೆ ಸಲ್ಲಿಸುವ ಎ.ಎನ್.ಎಂ. ಕಾರ್ಯಕರ್ತೆಯರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಮೂಲಕ ತಾಲ್ಲೂಕು ಆರೋಗ್ಯಾಧಿಕಾರಿಗಳ ಅಧೀನಕ್ಕೆ ಬರುತ್ತಾರೆ. ಅವರು ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಯಲ್ಲ. ಆಶಾ ಕಾರ್ಯಕರ್ತೆಯರು ಶುಶ್ರೂಷಕಿಯರಲ್ಲ. ಅವರು ಸಮುದಾಯದಿಂದ ಆಯ್ಕೆಯಾದ ಕಾರ್ಯಕರ್ತೆಯರು.

ಶುಶ್ರೂಷಕರಾಗಿ ಕೆಲಸ ಮಾಡಲು ಮಾನ್ಯತೆ ಪಡೆದ ತರಬೇತಿಯೊಂದಿಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಕಡ್ಡಾಯ. ರಾಜ್ಯದಲ್ಲಿ ಇದಕ್ಕೆ 1961ರ ಕರ್ನಾಟಕ ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕರ ಅಧಿನಿಯಮವೂ ರಾಷ್ಟ್ರಮಟ್ಟದಲ್ಲಿ 1947ರ ಭಾರತೀಯ ಶುಶ್ರೂಷಾ ಪರಿಷತ್ತು ಅಧಿನಿಯಮವೂ ಆಧಾರವಾಗಿ ಬಂದಿವೆ. ಈ ವ್ಯವಸ್ಥೆಯ ಬದಲಿಗೆ ಹೊಸ ಆಯೋಗವನ್ನು ರಚಿಸುವ ಉದ್ದೇಶದಿಂದ ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಅಧಿನಿಯಮವನ್ನು ಅಂಗೀಕರಿಸಿದೆ.

ಸಂವಿಧಾನದ 371ಜೆ ವಿಧಿಯ ಮೇರೆಗೆ 2013ರಲ್ಲಿ ಹೊರಡಿಸಲಾದ ಆದೇಶದಂತೆ ಈ ಭಾಗದ ಗ್ರೂಪ್ 'ಸಿ' ಹುದ್ದೆಗಳಲ್ಲಿ ಶೇಕಡ 80ರಷ್ಟು ಸ್ಥಳೀಯರಿಗೆ ಮೀಸಲಾಗಿವೆ. ಶುಶ್ರೂಷಾ ಸೇವೆಯಲ್ಲಿ ಇದರ ಪ್ರಯೋಜನ ಉದ್ಯೋಗಕ್ಕಷ್ಟೇ ಸೀಮಿತವಲ್ಲ. ಆಳಂದ ಮತ್ತು ಅಫಜಲಪುರ ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ಕನ್ನಡದ ಜೊತೆಗೆ ಮರಾಠಿ, ಉರ್ದು ಮತ್ತು ಲಂಬಾಣಿ ಮಾತನಾಡುವ ಕುಟುಂಬಗಳು ಈ ಭಾಗದಲ್ಲಿವೆ. 'ಎದಿ ಹಿಡದೈತಿ' ಎಂದು ಹೇಳುವ ಅಜ್ಜನ ಮಾತಿನ ತೀವ್ರತೆಯನ್ನು ಬೇಗ ಗ್ರಹಿಸುವವರು ಆ ಮಾತನ್ನು ಮನೆಯಲ್ಲಿ ಕೇಳಿ ಬೆಳೆದವರೇ.

ಪಾಳಿ, ಹಸ್ತಾಂತರ ಮತ್ತು ರಾತ್ರಿಯ ಹೊಣೆ

ಶುಶ್ರೂಷಾ ಸೇವೆಯು ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ಎಂಬ ಮೂರು ಪಾಳಿಗಳಲ್ಲಿ ನಡೆಯುತ್ತದೆ. ಪಾಳಿಯ ಪಟ್ಟಿಯನ್ನು ಸಿದ್ಧಪಡಿಸುವುದು ಶುಶ್ರೂಷಾ ಅಧೀಕ್ಷಕರ ಅಥವಾ ವಾರ್ಡಿನ ಹಿರಿಯ ಶುಶ್ರೂಷಾಧಿಕಾರಿಗಳ ಕೆಲಸ. ಹೊರಗಿನಿಂದ ನೋಡುವವರಿಗೆ ಇದು ಕೇವಲ ಹೆಸರುಗಳ ಕೋಷ್ಟಕವೆನಿಸಬಹುದು. ಆದರೆ ನಾಯಕತ್ವದ ಮೊದಲ ಪರೀಕ್ಷೆ ಇಲ್ಲಿಯೇ ನಡೆಯುತ್ತದೆ. ಹೊಸದಾಗಿ ಸೇರಿದ ಇಬ್ಬರನ್ನೇ ಹೆರಿಗೆ ಕೊಠಡಿಯ ರಾತ್ರಿ ಪಾಳಿಗೆ ಹಾಕಿದರೆ ಅದು ಪಟ್ಟಿ ಬರೆದವರ ಲೋಪ. ಆ ರಾತ್ರಿ ಆಗುವ ತಪ್ಪಿನ ಒಂದು ಪಾಲು ಅವರಿಗೂ ಸೇರುತ್ತದೆ.

ಸಾಮಾನ್ಯ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ಶುಶ್ರೂಷಕರು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ರಜೆಯ ಸಲುವಾಗಿ ಇದರ ಮೇಲೆ ಶೇಕಡ 30ರಷ್ಟು ಹೆಚ್ಚುವರಿ ಸಿಬ್ಬಂದಿಯೂ ಇರಬೇಕು. ದೇಶದ ಬಹುಪಾಲು ಸರ್ಕಾರಿ ಆಸ್ಪತ್ರೆಗಳಲ್ಲಿ ವಾಸ್ತವ ಸ್ಥಿತಿ ಈ ಮಾನದಂಡಕ್ಕಿಂತ ಕೆಳಗಿರುವುದನ್ನು ಮುಚ್ಚಿಡುವ ಅಗತ್ಯವಿಲ್ಲ. ಸಿಬ್ಬಂದಿ ಕಡಿಮೆಯಿದ್ದಾಗ ವಾರ್ಡಿನ ಮುಖ್ಯಸ್ಥರು ಮಾಡಬೇಕಾದುದು ಎರಡು: ಕೊರತೆಯನ್ನು ಆಡಳಿತ ವೈದ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು ಮತ್ತು ಇರುವ ಸಿಬ್ಬಂದಿಯಲ್ಲಿ ಯಾವ ರೋಗಿಗೆ ಮೊದಲು ಗಮನ ಎಂಬುದನ್ನು ತಾವೇ ನಿರ್ಧರಿಸಿ ಹೇಳುವುದು. ಎರಡನೆಯದನ್ನು ಕಿರಿಯರಿಗೆ ಬಿಟ್ಟು ಬೆಳಿಗ್ಗೆ ವಿವರಣೆ ಕೇಳುವುದು ಸರಿಯಾದ ನಿರ್ವಹಣೆಯಲ್ಲ.

ಇಲ್ಲಿ ಸಾರ್ವಜನಿಕರು ಅರಿಯಬೇಕಾದ ಮುಖ್ಯ ಸಂಗತಿಯೆಂದರೆ ತುರ್ತು ವಿಭಾಗದಲ್ಲಿ ಮೊದಲು ಬಂದವರಿಗೆ ಮೊದಲು ಸೇವೆ ಎಂಬ ಕ್ರಮ ಅನ್ವಯಿಸುವುದಿಲ್ಲ. ಉದಾಹರಣೆಗೆ, ರಾತ್ರಿ ಒಂದೇ ವೇಳೆಗೆ ಮೂವರು ಬಂದಿದ್ದಾರೆಂದು ಭಾವಿಸೋಣ: ಎರಡು ದಿನದಿಂದ ಜ್ವರವಿರುವ ಯುವಕ, ಕೈಗೆ ಕುಡುಗೋಲು ತಾಗಿ ರಕ್ತ ಸುರಿಯುತ್ತಿರುವ ಕೂಲಿ ಕಾರ್ಮಿಕ ಮತ್ತು ತೊಗರಿ ಹೊಲದಲ್ಲಿ ಹಾವು ಕಚ್ಚಿದ, ನೋಡಲು ಇನ್ನೂ ಗಟ್ಟಿಯಾಗಿಯೇ ಕಾಣುವ ರೈತ. ಜ್ವರದ ಯುವಕ ಎಲ್ಲರಿಗಿಂತ ಮೊದಲು ಬಂದಿರಬಹುದು. ಆದರೂ ಅವನು ಕೊನೆಗೆ ಕಾಯಬೇಕಾಗುತ್ತದೆ. ಹಾವು ಕಚ್ಚಿದ ವ್ಯಕ್ತಿಯ 2 ಮಿ.ಲೀ. ರಕ್ತವನ್ನು ಸ್ವಚ್ಛವಾದ ಒಣ ಗಾಜಿನ ನಳಿಕೆಯಲ್ಲಿ ತೆಗೆದು ಅಲುಗಿಸದೆ 20 ನಿಮಿಷ ಇಡಲಾಗುತ್ತದೆ. ನಂತರ ವಾಲಿಸಿ ನೋಡಿದಾಗ ರಕ್ತ ಹೆಪ್ಪುಗಟ್ಟಿರದಿದ್ದರೆ ವಿಷವೇರಿದೆ ಎಂದರ್ಥ. ಗಡಿಯಾರ ನೋಡಿ ಈ 20 ನಿಮಿಷವನ್ನು ಕಾಯುವವರು, ಅಷ್ಟರಲ್ಲಿ ರೆಪ್ಪೆ ಜೋಲುತ್ತಿದೆಯೇ, ಮಾತು ತೊದಲುತ್ತಿದೆಯೇ, ಉಸಿರಾಟ ಹೇಗಿದೆ ಎಂದು ಗಮನಿಸುವವರು ಸಾಮಾನ್ಯವಾಗಿ ಶುಶ್ರೂಷಾಧಿಕಾರಿಗಳು. ವೈದ್ಯರ ಆದೇಶದಂತೆ ಮೊದಲ ಹಂತದಲ್ಲಿ 8 ರಿಂದ 10 ಸೀಸೆ ಹಾವಿನ ವಿಷ ನಿರೋಧಕ ಔಷಧವನ್ನು ನೀಡುವಾಗ ಮೈಮೇಲೆ ದದ್ದು ಏಳುವುದು, ರಕ್ತದೊತ್ತಡ ಕುಸಿಯುವುದು ಮುಂತಾದ ಪ್ರತಿಕ್ರಿಯೆಗಳು ತೋರಬಹುದು. ಆ ಹೊತ್ತಿನಲ್ಲಿ ರೋಗಿಯ ಬಳಿಯಿಂದ ಕದಲಲಾಗದು. 'ಸಿಸ್ಟರ್ ಅಲ್ಲೇ ನಿಂತಾರ, ನಮ್ಮ ಕಡೆ ನೋಡವಲ್ರು' ಎಂಬ ಅಸಮಾಧಾನಕ್ಕೆ ಹಲವು ಬಾರಿ ಇದೇ ಕಾರಣವಾಗಿರುತ್ತದೆ. ಕರ್ನಾಟಕದಲ್ಲಿ ಹಾವು ಕಡಿತವನ್ನು 2024ರಲ್ಲಿ ಅಧಿಸೂಚಿತ ಪ್ರಕರಣವೆಂದು ಘೋಷಿಸಲಾಗಿದ್ದು, ಪ್ರತಿ ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯವಾಗಿದೆ.

ಪಾಳಿ ಬದಲಾಗುವ ವೇಳೆಯು ರೋಗಿಗೆ ಅಪಾಯದ ವೇಳೆ. ಹೊರಡುವವರು ಪ್ರತಿ ಹಾಸಿಗೆಯ ಬಳಿ ನಿಂತು, ಬರುವವರಿಗೆ ರೋಗಿಯ ಸ್ಥಿತಿ, ಕೊಟ್ಟ ಔಷಧ, ಕೊಡಬೇಕಾದ ಔಷಧ ಮತ್ತು ಬಾಕಿ ಇರುವ ಪರೀಕ್ಷೆಗಳನ್ನು ತಿಳಿಸಿ, ಹಸ್ತಾಂತರ ವಹಿಗೆ ಇಬ್ಬರೂ ಸಹಿ ಮಾಡತಕ್ಕದ್ದು. ತುರ್ತು ಔಷಧಗಳ ತಟ್ಟೆ, ಆಮ್ಲಜನಕ ಮತ್ತು ನವಜಾತ ಶಿಶುವಿಗೆ ಉಸಿರು ನೀಡುವ ಚೀಲ ಸರಿಯಿವೆಯೇ ಎಂಬುದನ್ನು ಸಹ ಇದೇ ವೇಳೆಯಲ್ಲಿ ಪರಿಶೀಲಿಸಬೇಕು. ಈ ಹೊತ್ತಿನಲ್ಲಿ ರೋಗಿಯ ಕಡೆಯವರು ಒಬ್ಬರು ಹಾಸಿಗೆಯ ಬಳಿ ಇದ್ದು, ಮಾತು ಮುಗಿದ ಮೇಲೆ ತಮ್ಮ ಸಂದೇಹವನ್ನು ಕೇಳಿದರೆ ಎರಡೂ ಪಾಳಿಯವರಿಂದ ಉತ್ತರ ದೊರೆಯುತ್ತದೆ.

ಮೇಲಿನ ಆಸ್ಪತ್ರೆಗೆ ಕಳುಹಿಸುವಾಗ

ಹೆರಿಗೆಗೆ ಬಂದ ತಾಯಿಗೆ ಫಿಟ್ಸ್ ಬಂದಲ್ಲಿ ಅಥವಾ ತೀವ್ರ ರಕ್ತದೊತ್ತಡವಿದ್ದಲ್ಲಿ ಕಲಬುರಗಿಗೆ ಕಳುಹಿಸುವ ಮೊದಲೇ ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದಿನ ಮೊದಲ ಪ್ರಮಾಣವನ್ನು ನೀಡಬೇಕು. ಕುಶಲ ಹೆರಿಗೆ ತರಬೇತಿ ಪಡೆದ ಶುಶ್ರೂಷಕಿಯರು ಮತ್ತು ಎ.ಎನ್.ಎಂ.ಗಳು ವೈದ್ಯರು ಸ್ಥಳದಲ್ಲಿ ಇಲ್ಲದಿದ್ದರೂ ಇದನ್ನು ನೀಡಲು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಅವಕಾಶ ಕಲ್ಪಿಸಿದೆ. 'ವೈದ್ಯರು ಬರಲಿ' ಎಂದು ಕಾಯುವುದು ಇಲ್ಲಿ ಎಚ್ಚರಿಕೆಯ ಲಕ್ಷಣವಲ್ಲ. ತರಬೇತಿಯು ಕೊಟ್ಟ ಅಧಿಕಾರವನ್ನು ಬಳಸದಿರುವುದೂ ಒಂದು ಲೋಪವೇ.

ಕಳುಹಿಸುವ ಪತ್ರದಲ್ಲಿ ಕಾರಣ, ಕೊಟ್ಟ ಔಷಧ, ಕೊಟ್ಟ ವೇಳೆ ಮತ್ತು ಕೊನೆಯದಾಗಿ ನೋಡಿದ ರಕ್ತದೊತ್ತಡ ಇವುಗಳು ಇರಲೇಬೇಕು. ಪತ್ರವಿಲ್ಲದೆ ಹೊರಡಬಾರದು, ಕೇಳಿ ಪಡೆಯತಕ್ಕದ್ದು. 2008ರಲ್ಲಿ ರಾಜ್ಯದಲ್ಲಿ ಆರಂಭವಾದ ಆರೋಗ್ಯ ಕವಚ 108 ಆಂಬುಲೆನ್ಸ್ ಸೇವೆಯು ಉಚಿತ. ಗರ್ಭಿಣಿ ಮತ್ತು ಬಾಣಂತಿಯರಿಗೆ ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಹಾಗೂ ಹೆರಿಗೆಯ ನಂತರ ಮನೆಗೆ ಸಾಗಿಸುವ ವೆಚ್ಚವನ್ನು ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರವೇ ಭರಿಸುತ್ತದೆ.

ಶುಶ್ರೂಷಾ ದಾಖಲೆ ಮತ್ತು ನಾಗರಿಕರ ಅರ್ಜಿಗಳು

ವೃತ್ತಿನೀತಿಯ ಕುರಿತು ಎಷ್ಟೇ ವಿಸ್ತಾರವಾಗಿ ಬರೆದರೂ ಅದು ವಾರ್ಡಿನಲ್ಲಿ ಒಂದು ಸರಳ ನಿಯಮಕ್ಕೆ ಬಂದು ನಿಲ್ಲುತ್ತದೆ: ಮಾಡಿದ್ದನ್ನು ಮಾಡಿದ ವೇಳೆಗೆ ಬರೆಯಬೇಕು, ಮಾಡದ್ದನ್ನು ಬರೆಯಬಾರದು. ನಾಲ್ಕು ಗಂಟೆಗೊಮ್ಮೆ ನೋಡಬೇಕಾದ ರಕ್ತದೊತ್ತಡವನ್ನು ನೋಡದೆ, ಬೆಳಿಗ್ಗೆ ಒಂದೇ ಪೆನ್ನಿನಲ್ಲಿ ಇಡೀ ರಾತ್ರಿಯ ಅಂಕಿಗಳನ್ನು ತುಂಬುವುದು ಆಲಸ್ಯವೆನಿಸಿಕೊಳ್ಳುವುದಿಲ್ಲ. ಅದು ಸುಳ್ಳು ದಾಖಲೆ. ಕೆಲಸದ ಒತ್ತಡದಿಂದ ನೋಡಲಾಗದಿದ್ದರೆ 'ನೋಡಲಾಗಿಲ್ಲ' ಎಂದು ಬರೆಯುವ ಧೈರ್ಯವನ್ನು ಕಿರಿಯರಿಗೆ ಕೊಡುವುದು ಹಿರಿಯರ ಹೊಣೆ. ಹಾಗೆ ಬರೆದವರನ್ನೇ ಗದರಿಸುವ ವಾರ್ಡಿನಲ್ಲಿ ಮರುದಿನದಿಂದ ಎಲ್ಲ ಅಂಕಿಗಳೂ ಸರಿಯಾಗಿಯೇ ಇರುತ್ತವೆ, ರೋಗಿ ಮಾತ್ರ ಸರಿಯಿರುವುದಿಲ್ಲ.

ಔಷಧ ತಪ್ಪಿ ಹೋದಲ್ಲಿ ಅಥವಾ ಪ್ರಮಾಣ ಹೆಚ್ಚು ಕಡಿಮೆಯಾದಲ್ಲಿ ತಕ್ಷಣ ವೈದ್ಯರಿಗೆ ತಿಳಿಸಿ, ದಾಖಲೆಯಲ್ಲಿ ನಮೂದಿಸಿ, ರೋಗಿಗೂ ಹೇಳಬೇಕು. ದೂರವಾಣಿಯಲ್ಲಿ ವೈದ್ಯರು ನೀಡಿದ ಆದೇಶವನ್ನು ಮರಳಿ ಓದಿ ಹೇಳಿ ಖಚಿತಪಡಿಸಿಕೊಂಡು ಬರೆಯಬೇಕು. ವೈದ್ಯರು ಬಂದ ಮೇಲೆ ಸಹಿ ಪಡೆಯಬೇಕು. ಆದೇಶವು ರೋಗಿಗೆ ಹಾನಿಕರವೆಂದು ಕಂಡುಬಂದಲ್ಲಿ ಪ್ರಶ್ನಿಸುವುದು ಶುಶ್ರೂಷಾಧಿಕಾರಿಯ ಕರ್ತವ್ಯ. ಅದನ್ನು ಅವಿಧೇಯತೆ ಎಂದು ಭಾವಿಸಲಾಗದು.

ಜನನ ನೋಂದಣಿ: 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ ಪ್ರಕಾರ ಆಸ್ಪತ್ರೆಯಲ್ಲಾದ ಜನನದ ಮಾಹಿತಿ ನೀಡುವ ಹೊಣೆ ಆಸ್ಪತ್ರೆಯದ್ದು, ಅವಧಿ 21 ದಿನ. ಈ ಮಾಹಿತಿಯ ಮೂಲ ಹೆರಿಗೆ ಕೊಠಡಿಯ ವಹಿ. ಅಲ್ಲಿ ತಾಯಿಯ ಹೆಸರು 'ಮಹಾದೇವಿ' ಬದಲು 'ಮಾದೇವಿ' ಎಂದಾದರೆ, ತಂದೆಯ ಹೆಸರಿನ ಜಾಗದಲ್ಲಿ ಮನೆಯಲ್ಲಿ ಕರೆಯುವ ಹೆಸರು ಬಿದ್ದರೆ, ಶಾಲೆಗೆ ಸೇರಿಸುವಾಗ ಮತ್ತು ಆಧಾರ್ ಮಾಡಿಸುವಾಗ ತೊಂದರೆ ತಪ್ಪಿದ್ದಲ್ಲ. 2023ರ ಅಕ್ಟೋಬರ್ 1ರಂದು ತಿದ್ದುಪಡಿ ಜಾರಿಗೆ ಬಂದ ನಂತರ ಜನಿಸಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ವಾಹನ ಚಾಲನಾ ಪರವಾನಗಿ ಮುಂತಾದವುಗಳಿಗೆ ಜನನ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೇ ಬೇಕಾಗುವುದರಿಂದ ಈ ತಪ್ಪಿನ ಭಾರ ಹೆಚ್ಚಿದೆ. ಕಾರಣ, ಹೆರಿಗೆಗೆ ಬರುವಾಗ ತಾಯಿ ಕಾರ್ಡ್ ಜೊತೆಗೆ ತಂದೆ ತಾಯಿ ಇಬ್ಬರ ಆಧಾರ್ ಪ್ರತಿಯನ್ನೂ ತರತಕ್ಕದ್ದು. ವಹಿಯಲ್ಲಿ ಬರೆದ ಹೆಸರನ್ನು ಓದಿ ಹೇಳುವಂತೆ ಬಿಡುಗಡೆಗೆ ಮೊದಲು ಶುಶ್ರೂಷಾಧಿಕಾರಿಗಳನ್ನು ಕೋರಬಹುದು. ಎರಡು ನಿಮಿಷದ ಈ ಕೆಲಸ ಮುಂದಿನ ಹಲವು ಅಲೆದಾಟಗಳನ್ನು ತಪ್ಪಿಸುತ್ತದೆ. ಮಗುವಿನ ಹೆಸರನ್ನು ಆಗಲೇ ಇಡಬೇಕೆಂದಿಲ್ಲ. 12 ತಿಂಗಳೊಳಗೆ ಶುಲ್ಕವಿಲ್ಲದೆ, ಆ ನಂತರ 15 ವರ್ಷದವರೆಗೆ ವಿಳಂಬ ಶುಲ್ಕದೊಂದಿಗೆ ಸೇರಿಸಲು ಅವಕಾಶವಿದೆ.

ತಾಯಿ ಕಾರ್ಡ್: ಈ ತಾಲ್ಲೂಕುಗಳಿಂದ ಅನೇಕ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದ್ ಕಡೆಗೆ ದುಡಿಯಲು ಹೋಗಿ ಹೆರಿಗೆಗೆ ಊರಿಗೆ ಮರಳುತ್ತವೆ. ಅಲ್ಲಿ ಆದ ತಪಾಸಣೆಯ ಚೀಟಿಗಳನ್ನು ಎಸೆಯದೆ ತರಬೇಕು. ಬೇರೆ ರಾಜ್ಯದ ಕಾರ್ಡ್ ಇದೆ ಎಂಬ ಕಾರಣಕ್ಕೆ ಅಥವಾ ಯಾವುದೇ ಕಾರ್ಡ್ ಇಲ್ಲ ಎಂಬ ಕಾರಣಕ್ಕೆ ಹೆರಿಗೆ ನೋವಿನಲ್ಲಿರುವವರನ್ನು ದಾಖಲಿಸಿಕೊಳ್ಳಲು ನಿರಾಕರಿಸುವಂತಿಲ್ಲ. ಜನನಿ ಸುರಕ್ಷಾ ಯೋಜನೆಯಡಿ ಗ್ರಾಮೀಣ ಪ್ರದೇಶದ ಅರ್ಹ ತಾಯಂದಿರಿಗೆ ಸಾಂಸ್ಥಿಕ ಹೆರಿಗೆಗೆ ನಿಗದಿಪಡಿಸಿರುವ ರೂ. 700 ಸಹಾಯಧನಕ್ಕೂ ಹೆರಿಗೆ ವಹಿಯ ನಮೂದೇ ಆಧಾರ.

ಗಾಯದ ಪ್ರಕರಣಗಳು ಮತ್ತು ದಾಖಲೆಯ ಪ್ರತಿ: ಅಪಘಾತ, ಹೊಡೆದಾಟ, ಸುಟ್ಟಗಾಯ, ವಿಷ ಸೇವನೆ ಇವುಗಳನ್ನು ವೈದ್ಯಕೀಯ-ಕಾನೂನು ಪ್ರಕರಣವೆಂದು ನಮೂದಿಸಿ ಪೊಲೀಸ್ ಠಾಣೆಗೆ ತಿಳಿಸಲಾಗುತ್ತದೆ. ಚಿಕಿತ್ಸೆಗೆ ಪೊಲೀಸರ ಬರುವಿಕೆಯನ್ನು ಕಾಯುವ ಅಗತ್ಯವಿಲ್ಲ. ಗಾಯದ ಪ್ರಮಾಣಪತ್ರ ನೀಡುವವರು ವೈದ್ಯಾಧಿಕಾರಿಗಳು, ಶುಶ್ರೂಷಾಧಿಕಾರಿಗಳಲ್ಲ. ಚಿಕಿತ್ಸಾ ದಾಖಲೆಯ ಪ್ರತಿಯನ್ನು ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೋರಿದಲ್ಲಿ 72 ಗಂಟೆಯೊಳಗೆ ಒದಗಿಸಬೇಕೆಂದು ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿ ತಿಳಿಸುತ್ತದೆ. ಅರ್ಜಿಯಲ್ಲಿ ಒಳರೋಗಿ ಸಂಖ್ಯೆ ಮತ್ತು ದಾಖಲಾದ ದಿನಾಂಕ ಇದ್ದರೆ ಕೆಲಸ ಬೇಗ ಆಗುತ್ತದೆ.

ಒಪ್ಪಿಗೆ, ಗೋಪ್ಯತೆ ಮತ್ತು ಸಮಾನತೆ

ಶುಶ್ರೂಷಕರಿಗೆ ಅಂತರರಾಷ್ಟ್ರೀಯ ಶುಶ್ರೂಷಕರ ಪರಿಷತ್ತು 1953ರಲ್ಲಿ ಮೊದಲ ನೀತಿಸಂಹಿತೆಯನ್ನು ರೂಪಿಸಿತು. 2021ರಲ್ಲಿ ಅದು ಪರಿಷ್ಕೃತವಾಗಿದೆ. ಭಾರತೀಯ ಶುಶ್ರೂಷಾ ಪರಿಷತ್ತು 2006ರಲ್ಲಿ ನೀತಿಸಂಹಿತೆ ಮತ್ತು ವೃತ್ತಿ ನಡವಳಿಕೆಯ ಸಂಹಿತೆಯನ್ನು ಪ್ರಕಟಿಸಿತು. ರೋಗಿಯ ಘನತೆ, ತಿಳಿದು ಒಪ್ಪಿಗೆ ನೀಡುವ ಹಕ್ಕು, ಖಾಸಗಿತನ ಇವು ಎರಡರಲ್ಲಿಯೂ ಪ್ರಧಾನವಾಗಿವೆ.

ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಪಡೆಯುವ ಮುನ್ನ ಅದರಲ್ಲೇನಿದೆ ಎಂಬುದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳತಕ್ಕದ್ದು. ತಾಂಡಾದಿಂದ ಬಂದ ಮಹಿಳೆಗೆ ಗ್ರಾಂಥಿಕ ಕನ್ನಡದಲ್ಲಿ ಓದಿದರೆ ಓದಿದಂತಾಯಿತೇ ಹೊರತು ತಿಳಿಸಿದಂತಾಗಲಿಲ್ಲ. ಸಂತಾನಶಕ್ತಿಹರಣ ಚಿಕಿತ್ಸೆಗೆ ಬೇಕಾದುದು ಚಿಕಿತ್ಸೆ ಮಾಡಿಸಿಕೊಳ್ಳುವವರ ಒಪ್ಪಿಗೆ; ಗಂಡನ ಅಥವಾ ಅತ್ತೆಯ ಸಹಿ ಅದಕ್ಕೆ ಬದಲಿಯಾಗುವುದಿಲ್ಲ, ಅವರ ಸಹಿ ಇಲ್ಲವೆಂದು ಚಿಕಿತ್ಸೆಯನ್ನು ತಡೆಯುವಂತೆಯೂ ಇಲ್ಲ.

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವ್ಯಕ್ತಿಯೊಬ್ಬರು ನಿಧನರಾದರು. ಅದು ದೇಶದ ಮೊದಲ ಕೋವಿಡ್ ಸಾವೆಂದು ಎರಡು ದಿನಗಳ ನಂತರ ದೃಢಪಟ್ಟಿತು. ಆ ತಿಂಗಳುಗಳಲ್ಲಿ ಸೋಂಕಿತರ ಹೆಸರು, ಓಣಿ, ಮನೆತನದ ವಿವರಗಳು ಮೊಬೈಲ್‌ಗಳಲ್ಲಿ ಹರಿದಾಡಿ ಕುಟುಂಬಗಳು ಅನುಭವಿಸಿದ ಸಂಕಟವನ್ನು ನಾಡು ಕಂಡಿದೆ. ಚಿಕ್ಕ ಊರಿನಲ್ಲಿ ಗೋಪ್ಯತೆ ಕಾಯುವುದು ನಗರಕ್ಕಿಂತ ಕಷ್ಟ. ಶುಶ್ರೂಷಾಧಿಕಾರಿ ಮತ್ತು ರೋಗಿ ಒಂದೇ ಓಣಿಯವರಾಗಿರುವುದೂ ಉಂಟು. ಎಚ್.ಐ.ವಿ. ಸ್ಥಿತಿಯನ್ನು ಬಹಿರಂಗಪಡಿಸದಂತೆ 2017ರ ಅಧಿನಿಯಮವು ರಕ್ಷಣೆ ನೀಡಿದೆ. ಹಾಸಿಗೆಯ ತಲೆದಿಂಬಿನ ಬಳಿ ಚೀಟಿ ಅಂಟಿಸುವುದು, ಪ್ರತ್ಯೇಕ ಮೂಲೆಗೆ ಹಾಕುವುದು ಸಹ ಬಹಿರಂಗಪಡಿಸಿದಂತೆಯೇ.

ಗೋಪ್ಯತೆಗೂ ಕಾನೂನಿಗೂ ನೇರ ಘರ್ಷಣೆ ಬರುವ ಒಂದು ಸನ್ನಿವೇಶವಿದೆ. 18 ವರ್ಷ ತುಂಬದ ಬಾಲಕಿ ಗರ್ಭಿಣಿಯಾಗಿ ಬಂದಾಗ 2012ರ ಪೋಕ್ಸೊ ಅಧಿನಿಯಮದ 19ನೇ ಪ್ರಕರಣದಂತೆ ವಿಷಯವನ್ನು ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕಾನೂನುಬದ್ಧ ಕರ್ತವ್ಯ; ಮದುವೆಯಾಗಿದೆ ಎಂಬ ಕಾರಣದಿಂದ ಇದು ತಪ್ಪುವುದಿಲ್ಲ. ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧುವೆಂದು ರಾಜ್ಯದ ತಿದ್ದುಪಡಿಯೂ ಹೇಳುತ್ತದೆ. ಈ ಭಯದಿಂದ ಕುಟುಂಬದವರು ವಯಸ್ಸನ್ನು ಹೆಚ್ಚಿಸಿ ಬರೆಸುವುದು, ಇಲ್ಲವೇ ಆಸ್ಪತ್ರೆಗೆ ಬಾರದೆ ಮನೆಯಲ್ಲಿಯೇ ಹೆರಿಗೆ ಮಾಡಿಸುವುದು ನಡೆಯುತ್ತದೆ. ಎರಡೂ ಆ ಬಾಲಕಿಯ ಜೀವಕ್ಕೆ ಕುತ್ತು. ವಯಸ್ಸು ತಿಳಿದರೆ ಮಾತ್ರ ರಕ್ತಹೀನತೆ, ರಕ್ತದೊತ್ತಡ, ಕಿರಿದಾದ ಸೊಂಟದ ಮೂಳೆಯ ತೊಂದರೆಗಳಿಗೆ ಮೊದಲೇ ಸಿದ್ಧವಾಗಿರಲು ಸಾಧ್ಯ. ಶುಶ್ರೂಷಾಧಿಕಾರಿಗಳು ಇಂತಹ ಬಾಲಕಿಗೆ ಮೊದಲು ಚಿಕಿತ್ಸೆ ನೀಡಬೇಕು, ವರದಿ ಮಾಡಬೇಕಾಗಿದೆ ಎಂಬುದನ್ನು ಅವಳಿಂದ ಮುಚ್ಚಿಡಬಾರದು, ವಾರ್ಡಿನಲ್ಲಿ ಅವಳ ಬಗ್ಗೆ ಮಾತಾಡಿಕೊಳ್ಳಬಾರದು. ಚಿಕಿತ್ಸೆ ನಿರಾಕರಿಸುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಲಭ್ಯ.

ಜಾತಿ, ಧರ್ಮ, ಉಡುಗೆ ಅಥವಾ ಮಕ್ಕಳ ಸಂಖ್ಯೆಯನ್ನು ಹಿಡಿದು ಚುಚ್ಚಿ ಮಾತನಾಡುವುದು, ಹೆರಿಗೆ ಮೇಜಿನ ಮೇಲೆ ಗದರಿಸುವುದು ಅಥವಾ ಕೈ ಮಾಡುವುದು ಯಾವ ಸನ್ನಿವೇಶದಲ್ಲಿಯೂ ಸಮರ್ಥನೀಯವಲ್ಲ. 2017ರಲ್ಲಿ ಆರಂಭವಾದ ಲಕ್ಷ್ಯ ಕಾರ್ಯಕ್ರಮವು ಹೆರಿಗೆ ಕೊಠಡಿಯಲ್ಲಿ ಗೌರವಯುತ ಆರೈಕೆ, ಮರೆಯ ವ್ಯವಸ್ಥೆ ಮತ್ತು ತಾಯಿಯ ಆಯ್ಕೆಯ ಒಬ್ಬ ಮಹಿಳಾ ಸಂಗಾತಿಯ ಹಾಜರಿಯನ್ನು ಗುಣಮಟ್ಟದ ಭಾಗವಾಗಿಯೇ ಪರಿಗಣಿಸುತ್ತದೆ.

ಹಣ ಮತ್ತು ಉಡುಗೊರೆ

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ಅಗತ್ಯವಿದ್ದಲ್ಲಿ ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟವೂ ಉಚಿತ. ಮಗುವನ್ನು ತೋರಿಸಲು, ಮಗು ಗಂಡೆಂದು ತಿಳಿಸಲು, ಸ್ಟ್ರೆಚರ್ ತಳ್ಳಲು, ಗಾಯ ತೊಳೆಯಲು ಹಣ ಕೇಳುವುದು ಅಪರಾಧ.

ಸಂತೋಷದಿಂದ ಪೇಢೆ ಹಂಚುವುದಕ್ಕೂ ಕೈಗೆ ನೋಟು ಇಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಎಲ್ಲರೂ ಕೊಡ್ತಾರ, ನಾವೂ ಕೊಟ್ಟಿವಿ' ಎಂದು ಕೊಟ್ಟ ಹಣ ಮುಂದಿನ ಹಾಸಿಗೆಯ ಬಡ ಬಾಣಂತಿಗೆ ಕಡ್ಡಾಯವಾಗಿ ಪರಿಣಮಿಸುತ್ತದೆ. ಭ್ರಷ್ಟಾಚಾರ ತಡೆ ಅಧಿನಿಯಮಕ್ಕೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಡುವವರೂ ಶಿಕ್ಷಾರ್ಹರು. ಆದರೆ ಬಲವಂತಕ್ಕೆ ಒಳಗಾಗಿ ಕೊಟ್ಟವರು 7 ದಿನಗಳೊಳಗೆ ಲೋಕಾಯುಕ್ತ ಪೊಲೀಸರಂತಹ ತನಿಖಾ ಸಂಸ್ಥೆಗೆ ತಿಳಿಸಿದಲ್ಲಿ ಅವರಿಗೆ ರಕ್ಷಣೆ ಇದೆ. ಈ 7 ದಿನಗಳ ಅವಧಿಯನ್ನು ನೆನಪಿನಲ್ಲಿಡತಕ್ಕದ್ದು. ಬಾಣಂತಿಯನ್ನು ಮನೆಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ಅದು ಮುಗಿದು ಹೋಗುತ್ತದೆ.

ಸಿಬ್ಬಂದಿಯ ಸುರಕ್ಷತೆ

ಆಸ್ಪತ್ರೆಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡುವುದು ಮತ್ತು ಆಸ್ತಿಗೆ ಹಾನಿ ಮಾಡುವುದು ರಾಜ್ಯದ 2009ರ ಅಧಿನಿಯಮದಂತೆ ಕಾರಾಗೃಹ ವಾಸ ಮತ್ತು ದಂಡಕ್ಕೆ ಗುರಿಯಾಗುವ, ಜಾಮೀನುರಹಿತ ಅಪರಾಧ. ಶುಶ್ರೂಷಾ ಸಿಬ್ಬಂದಿಯಲ್ಲಿ ಬಹುಪಾಲು ಮಹಿಳೆಯರು. ರಾತ್ರಿ ಪಾಳಿಯಲ್ಲಿ ಮದ್ಯ ಸೇವಿಸಿ ಬಂದ ರೋಗಿಯ ಕಡೆಯವರನ್ನು ಎದುರಿಸಬೇಕಾಗಿ ಬರುವುದು ಅಪರೂಪವಲ್ಲ. ಒಬ್ಬ ರೋಗಿಯ ಜೊತೆ ಒಬ್ಬರು ಮಾತ್ರ ಇರಬೇಕೆಂಬ ನಿಯಮದ ಹಿಂದೆ ಈ ಕಾರಣವೂ ಇದೆ.

ದೂರು ಮತ್ತು ಅರ್ಜಿ ಸಲ್ಲಿಸುವ ಕ್ರಮ

ಮೊದಲು ವಾರ್ಡಿನ ಹಿರಿಯ ಶುಶ್ರೂಷಾಧಿಕಾರಿಗಳಿಗೆ, ನಂತರ ಶುಶ್ರೂಷಾ ಅಧೀಕ್ಷಕರಿಗೆ ಮೌಖಿಕವಾಗಿ ತಿಳಿಸಬಹುದು. ರೋಗಿ ಇನ್ನೂ ವಾರ್ಡಿನಲ್ಲಿರುವಾಗ ಹೇಳಿದರೆ ಸರಿಪಡಿಸಲು ಅವಕಾಶವಿರುತ್ತದೆ; ದೂರು ನೀಡಿದ ಕಾರಣಕ್ಕೆ ರೋಗಿಯ ಆರೈಕೆಯಲ್ಲಿ ವ್ಯತ್ಯಾಸವಾಗಕೂಡದು. ಪರಿಹಾರ ದೊರೆಯದಿದ್ದಲ್ಲಿ ಆಡಳಿತ ವೈದ್ಯಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಅಲ್ಲಿಂದ ಮುಂದೆ ಕಲಬುರಗಿಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಗೆ ಸಲ್ಲಿಸಬಹುದು. ಆಸ್ಪತ್ರೆಯ ಸೌಲಭ್ಯಗಳಿಗೆ ಸಂಬಂಧಿಸಿದ ವಿಷಯಗಳನ್ನು ಆರೋಗ್ಯ ರಕ್ಷಾ ಸಮಿತಿಯ ಗಮನಕ್ಕೂ ತರಬಹುದು. ರಾಜ್ಯ ಸರ್ಕಾರದ ಜನಸ್ಪಂದನ ವ್ಯವಸ್ಥೆಯಲ್ಲಿ 1902 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಲು ಅವಕಾಶವಿದೆ. ವೃತ್ತಿ ದುರ್ನಡತೆಯ ಗಂಭೀರ ಪ್ರಕರಣಗಳಲ್ಲಿ ನೋಂದಣಿ ಪ್ರಾಧಿಕಾರವಾದ ಬೆಂಗಳೂರಿನ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿಗೆ ದೂರು ನೀಡಬಹುದು.

ದೂರಿನಲ್ಲಿ ರೋಗಿಯ ಹೆಸರು, ಒಳರೋಗಿ ಸಂಖ್ಯೆ, ವಾರ್ಡು, ದಿನಾಂಕ, ಪಾಳಿ ಮತ್ತು ನಡೆದುದನ್ನು ನಡೆದ ಕ್ರಮದಲ್ಲಿ ಬರೆಯಬೇಕು. ಸಿಬ್ಬಂದಿಯ ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ದಿನಾಂಕ ಮತ್ತು ಪಾಳಿ ತಿಳಿದರೆ ಕರ್ತವ್ಯದ ಪಟ್ಟಿಯಿಂದ ಹೆಸರು ದೊರೆಯುತ್ತದೆ. ಓದು ಬರಹ ಬಾರದವರು ಹೇಳಿ ಬರೆಸಿ ಹೆಬ್ಬೆಟ್ಟು ಒತ್ತಬಹುದು. ಬರೆದುಕೊಟ್ಟವರ ಹೆಸರನ್ನು ಕೆಳಗೆ ನಮೂದಿಸಬೇಕು. ಉತ್ತಮ ಸೇವೆ ದೊರೆತಲ್ಲಿ ಅದನ್ನೂ ಇದೇ ರೀತಿ ಬರೆದು ಸಲ್ಲಿಸಬಹುದು, ಇದಕ್ಕೆ ಪ್ರತ್ಯೇಕ ನಮೂನೆ ಬೇಕಿಲ್ಲ.